ಒಂದು ಟ್ಯೂಬ್ ರಕ್ತಕ್ಕೆ ಎಷ್ಟು ಸಲ ದುಡ್ಡು? ನವನಗರದ ಲ್ಯಾಬಿಗೆ ನನ್ನ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಡುವುದು ಮೂರು ಸ್ಟಾರ್. ರಕ್ತ ತೆಗೆಯುವ ಹಿರಿಯ ಸಿಸ್ಟರಿಗೆ ಐದು, ರಿಪೋರ್ಟಿಗೆ ನಾಲ್ಕು, ಬಿಲ್ಲಿಗೆ ಒಂದು. ಕೂಡಿಸಿ ಮೂರರಿಂದ ಭಾಗಿಸಿದರೆ ಮೂರು ಚಿಲ್ಲರೆ ಬರುತ್ತದೆ. ಚಿಲ್ಲರೆ ಬಿಟ್ಟಿದ್ದೇನೆ. ಅವರ ಕೌಂಟರಿನಲ್ಲಿ ನನಗೂ ಯಾವತ್ತೂ ಚಿಲ್ಲರೆ ವಾಪಸ್ ಸಿಕ್ಕಿಲ್ಲ.

ಲ್ಯಾಬ್ ಇರುವುದು ಬಾಗಲಕೋಟೆಯ ನವನಗರದಲ್ಲಿ. ಹೆಸರು ಬರೆಯುವುದಿಲ್ಲ. ಕೇಳಿದ ಮೇಲೆ ದುಡ್ಡು ವಾಪಸ್ ಕೊಟ್ಟವರ ಹೆಸರನ್ನು ಊರ ತುಂಬ ಎತ್ತಿ ಆಡುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಮನೆಯ ಫೈಲಿನಲ್ಲಿರುವ ಹಳೇ ಲ್ಯಾಬ್ ಬಿಲ್ ತೆಗೆದು ನೋಡಿ, ಬೇರೆ ಲ್ಯಾಬಿನದ್ದಾದರೂ ಪರವಾಗಿಲ್ಲ, ನಾನು ಹೇಳುವ ಸಾಲುಗಳು ಅಲ್ಲೂ ಸಿಗಬಹುದು.

ನಾನು ಡಾಕ್ಟರ್ ಅಲ್ಲ. ಎಪಿಎಂಸಿಯ ಒಂದು ಅಡತಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಜೋಳ, ಕಡಲೆ, ಸೂರ್ಯಕಾಂತಿ, ಹಮಾಲಿ, ತೂಕದ ಖರ್ಚು, ಕಮಿಷನ್, ಇದೇ ನನ್ನ ಪ್ರಪಂಚ. ಯಾವ ಚೀಟಿ ಕೈಗೆ ಬಂದರೂ ಕೆಳಗಿನ ಮೊತ್ತ ಆಮೇಲೆ, ಮೊದಲು ಒಂದೊಂದು ಸಾಲು ಓದುವ ಚಟ. ಹಾಗಿದ್ದರೂ ಅಕ್ಕನ ಬಿಲ್ ಮೂರು ತಿಂಗಳು ಬೀರುವಿನಲ್ಲಿ ಸುಮ್ನೆ ಕೂತಿತ್ತು. ಮನೆಯವರಿಗೆ ಆರಾಮಿಲ್ಲ ಅಂದಾಗ ಲೆಕ್ಕದ ಬುದ್ಧಿ ಎಲ್ಲಿಗೋ ಹೋಗಿಬಿಡುತ್ತದೆ, ಅಲ್ವಾ? ಕೌಂಟರಿನಲ್ಲಿ ಎಷ್ಟು ಕೇಳುತ್ತಾರೋ ಅಷ್ಟು ಕೊಟ್ಟು ಬರುತ್ತೇವೆ.

ಅಕ್ಕ ಗುಳೇದಗುಡ್ಡದಲ್ಲಿರುತ್ತಾಳೆ. ಖಣ ನೇಯುವ ಮನೆ. ವಯಸ್ಸು 46. ಕಳೆದ ವರ್ಷ ಬೇಸಿಗೆಯಿಂದಲೇ ಸುಸ್ತು. ಮಗ್ಗದ ಮುಂದೆ ಅರ್ಧ ತಾಸು ಕೂತರೆ ಎದೆ ಡವಡವ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕೇಳಿದರೆ ಒಂದೇ ಮಾತು, "ಏನಿಲ್ಲ ಬಿಡೋ ತಮ್ಮಾ, ವಯಸ್ಸಾತು." 46 ಯಾವ ವಯಸ್ಸು ಹೇಳಿ. ಕೊನೆಗೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ಕೂರಿಸಿಕೊಂಡು ಕೇಳಿದ ಮೇಲೆ ವಿಷಯ ಹೊರಬಂತು. ಮುಟ್ಟು ತಿಂಗಳಿಗೆ ಒಂಬತ್ತು ಹತ್ತು ದಿನ, ಅದೂ ವಿಪರೀತ, ಒಂದು ವರ್ಷದಿಂದ. ಇನ್ನೊಂದು ವಿಚಿತ್ರ, ಅಕ್ಕಿ ಆರಿಸುವಾಗ ಹಸಿ ಅಕ್ಕಿಯನ್ನು ಹಿಡಿಗಟ್ಟಲೆ ತಿನ್ನುತ್ತಿದ್ದಳಂತೆ. ನಾವು ಅದನ್ನು ನೋಡಿ ನಗುತ್ತಿದ್ದೆವು. ಮೈಯಲ್ಲಿ ಕಬ್ಬಿಣ ತೀರಾ ಕಡಿಮೆಯಾದಾಗ ಹಸಿ ಅಕ್ಕಿ, ಮಣ್ಣು, ಸುಣ್ಣ, ಐಸ್ ಇಂಥದ್ದು ತಿನ್ನುವ ಆಸೆ ಹುಟ್ಟುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೆ ನಗು ನಿಂತಿತು.

ಲೇಡಿ ಡಾಕ್ಟರ್ ಚೀಟಿಯಲ್ಲಿ ಬರೆದದ್ದು ಮೂರೇ ಮೂರು. ರಕ್ತದ ಕಣಗಳ ಲೆಕ್ಕ ಕೊಡುವ ಸಿಬಿಸಿ, ಖಾಲಿ ಹೊಟ್ಟೆಯ ಫಾಸ್ಟಿಂಗ್ ಶುಗರ್, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ. ಶುಗರ್ ಯಾಕೆ ಅಂದರೆ ನಮ್ಮ ಅಪ್ಪನಿಗೆ ಇತ್ತು. ಈ ಮೂರನ್ನು ನೆನಪಿಟ್ಟುಕೊಳ್ಳಿ, ಬಿಲ್ ಬಂದಾಗ ಬೇಕಾಗುತ್ತದೆ.

ಶ್ರಾವಣದ ಒಂದು ಬೆಳಿಗ್ಗೆ ಏಳೂವರೆಗೆ ಲ್ಯಾಬಿಗೆ ಹೋದೆವು. ಜಾಗ ಚೆನ್ನಾಗಿದೆ, ಅದನ್ನು ಒಪ್ಪಬೇಕು. ಕೂರಲು ಕುರ್ಚಿ, ಕುಡಿಯಲು ನೀರು, ಸ್ವಚ್ಛ ಬಾತ್‌ರೂಮ್, ಗೋಡೆಯ ಮೇಲೆ ಸಿದ್ಧಾರೂಢರ ಫೋಟೋ. ಮೊದಲು ದುಡ್ಡು, ಆಮೇಲೆ ಸೂಜಿ. ಅವತ್ತು ರಕ್ತ ತೆಗೆದವನು ಕಲಿಯುತ್ತಿರುವ ಹುಡುಗ. ಎರಡು ಸಲ ಚುಚ್ಚಿದ. ತಪ್ಪು ಅನ್ನುವುದಿಲ್ಲ, ಅಕ್ಕನ ನರ ಸಿಗುವುದೇ ಕಷ್ಟ. ಆದರೆ ರಕ್ತ ತುಂಬಿದ ಟ್ಯೂಬನ್ನು ಹಾಗೇ ಸ್ಟ್ಯಾಂಡಿಗೆ ಚುಚ್ಚಿ, ಜೇಬಿನಲ್ಲಿ ಹೊಡೆದುಕೊಳ್ಳುತ್ತಿದ್ದ ಫೋನ್ ಎತ್ತಿದ.

ಮಧ್ಯಾಹ್ನ ಮೂರಕ್ಕೆ ಫೋನ್. "ಸರ್, ಸ್ಯಾಂಪಲ್ ಕ್ಲಾಟ್ ಆಗಿದೆ, ನಾಳೆ ಪೇಷಂಟ್ ಕರ್ಕೊಂಡು ಬನ್ನಿ." ನನಗೆ ಅರ್ಥವಾಗಲಿಲ್ಲ, ರಕ್ತ ಅಂದ ಮೇಲೆ ಹೆಪ್ಪುಗಟ್ಟುವುದಲ್ಲವೇ. ಮಾರನೇ ದಿನ ಹಿರಿಯ ಸಿಸ್ಟರ್ ಹೇಳಿದರು. ನೇರಳೆ ಮುಚ್ಚಳದ ಟ್ಯೂಬಿನೊಳಗೆ ಇಡಿಟಿಎ ಅಂತ ಒಂದು ಮದ್ದು ಸವರಿರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ. ರಕ್ತ ತುಂಬಿದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು, ಕುಲುಕಬಾರದು. ಹುಡುಗ ಅದನ್ನು ಮಾಡಿರಲಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಮೆಷಿನ್ನಿಗೆ ಹಾಕಿದರೆ ಕಣಗಳ ಲೆಕ್ಕವೆಲ್ಲ ಸುಳ್ಳು ಬರುತ್ತದೆ. ಹೇಗೋ ಒಂದು ನಂಬರ್ ಬರೆದು ಕೈತೊಳೆದುಕೊಳ್ಳದೆ ವಾಪಸ್ ಕರೆದರಲ್ಲ, ಅದಕ್ಕೆ ಮಾರ್ಕ್ಸ್ ಕೊಡುತ್ತೇನೆ. ಆದರೆ ಗುಳೇದಗುಡ್ಡದಿಂದ ಎರಡು ದಿನವೂ ಬಸ್ಸಿನಲ್ಲಿ ಬಂದವಳು ಅಕ್ಕ. ಅದರ ಮೇಲೆ ಕೌಂಟರಿನಲ್ಲಿ ಮತ್ತೆ 350 ರೂಪಾಯಿ ಕೇಳಿದರು. ಸಿಬಿಸಿ ರಿಪೀಟ್ 300, ಕಲೆಕ್ಷನ್ 50. ನಾನು ಕೊಟ್ಟೆ! ಈಗ ನೆನೆಸಿಕೊಂಡರೆ ನನಗೇ ನಾಚಿಕೆ.

ಹಿರಿಯ ಸಿಸ್ಟರ್ ಬಗ್ಗೆ ಎರಡು ಮಾತು. ಒಂದೇ ಚುಚ್ಚು. ತೋಳಿಗೆ ಪಟ್ಟಿ ಕಟ್ಟಿ ಬಹಳ ಹೊತ್ತು ಬಿಡಲಿಲ್ಲ, ನರ ಸಿಕ್ಕ ಕೂಡಲೇ ಸಡಿಲಿಸಿದರು. ಪಟ್ಟಿ ಜಾಸ್ತಿ ಹೊತ್ತು ಕಟ್ಟಿದರೆ ಅಲ್ಲಿಯ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಇದ್ದದ್ದಕ್ಕಿಂತ ಸ್ವಲ್ಪ ಮೇಲೆ ತೋರಿಸುತ್ತದಂತೆ. ಟ್ಯೂಬಿನ ಮೇಲೆ ಹೆಸರನ್ನು ನಮ್ಮೆದುರೇ ಬರೆದು, "ಅಮ್ಮಾರ, ಹೆಸರ ಇದ ಅಲ್ಲೇನ್ರಿ?" ಅಂತ ಅಕ್ಕನಿಂದಲೇ ಓದಿಸಿದರು. ಲ್ಯಾಬಿಗೆ ಹೋದರೆ ಅವರೇ ಇದ್ದಾರಾ ಅಂತ ಕೇಳಿ ಕೂರಿ.

ಈಗ ಬಿಲ್. ಮೊದಲ ದಿನದ್ದು ಹೀಗಿತ್ತು: ಹಿಮೋಗ್ಲೋಬಿನ್ 80, ಪಿಸಿವಿ 60, ಸಿಬಿಸಿ 300, ಬ್ಲಡ್ ಇಂಡೈಸಿಸ್ 100, ಎಚ್‌ಬಿಎ1ಸಿ 500, ಫಾಸ್ಟಿಂಗ್ ಶುಗರ್ 60, ಕಲೆಕ್ಷನ್ 50. ಒಟ್ಟು 1150. ಎರಡನೇ ದಿನದ 350 ಸೇರಿಸಿದರೆ 1500. ಜಿಎಸ್‌ಟಿ ಹಾಕಿರಲಿಲ್ಲ, ಅದು ಸರಿ, ರೋಗ ಪತ್ತೆ ಮಾಡುವ ಪರೀಕ್ಷೆಗೆ ಜಿಎಸ್‌ಟಿ ಇಲ್ಲ.

ಮೊತ್ತ ದೊಡ್ಡದೇನಲ್ಲ ಅನ್ನಿಸಬಹುದು. ಸಾಲು ನೋಡಿ. ಸಿಬಿಸಿ ಅಂದರೇನು? ರಕ್ತದ ಪೂರ್ತಿ ಲೆಕ್ಕ. ಹಿಮೋಗ್ಲೋಬಿನ್, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಇಂಡೈಸಿಸ್ ಅನ್ನುವ ಎಂಸಿವಿ (ಒಂದು ಕಣದ ಸರಾಸರಿ ಗಾತ್ರ), ಎಂಸಿಎಚ್ (ಒಂದು ಕಣದೊಳಗಿನ ಹಿಮೋಗ್ಲೋಬಿನ್), ಅದರ ದಟ್ಟಣೆ ಹೇಳುವ ಎಂಸಿಎಚ್‌ಸಿ, ಎಲ್ಲ ಅದರೊಳಗೇ ಇರುತ್ತವೆ. ಒಂದು ಹನಿ ಮೆಷಿನ್ನಿಗೆ ಹೋದರೆ ಒಂದು ನಿಮಿಷದಲ್ಲಿ ಎಲ್ಲ ಒಟ್ಟಿಗೆ ಬರುತ್ತದೆ. ಹಾಗಾದರೆ 80 ರೂಪಾಯಿಯ ಹಿಮೋಗ್ಲೋಬಿನ್ ಯಾವುದು? ಸಿಬಿಸಿಯ ರಿಪೋರ್ಟಿನಲ್ಲಿ ಮೊದಲ ಸಾಲಿನಲ್ಲಿದ್ದ ಅದೇ ಹಿಮೋಗ್ಲೋಬಿನ್. ಬೇರೆ ಕಾಗದವೂ ಇಲ್ಲ, ಬೇರೆ ನಂಬರೂ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಪಿಸಿವಿ ಮತ್ತು ಇಂಡೈಸಿಸ್ ಎರಡು ಸಾಲು ನೋಡಿ. ನಮ್ಮ ಕಡೆಯ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವ ಮೆಷಿನ್ ನೇರವಾಗಿ ಅಳೆಯುವುದು ಕೆಂಪು ಕಣಗಳ ಸಂಖ್ಯೆ, ಅವುಗಳ ಗಾತ್ರ, ಹಿಮೋಗ್ಲೋಬಿನ್. ಉಳಿದದ್ದು ಗುಣಾಕಾರ, ಭಾಗಾಕಾರ. ಅಕ್ಕನ ರಿಪೋರ್ಟ್ ಮುಂದಿಟ್ಟುಕೊಂಡು ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದೆ. ಕೆಂಪು ಕಣ 3.82, ಎಂಸಿವಿ 68. ಗುಣಿಸಿ ಹತ್ತರಿಂದ ಭಾಗಿಸಿದರೆ 26, ಅದೇ ಪಿಸಿವಿ. ಹಿಮೋಗ್ಲೋಬಿನ್ 8.1ನ್ನು 3.82ರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ 21.2, ಅದೇ ಎಂಸಿಎಚ್. 8.1ನ್ನು 26ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 31.2, ಅದೇ ಎಂಸಿಎಚ್‌ಸಿ. ರಿಪೋರ್ಟಿನಲ್ಲಿ ಅಚ್ಚಾದದ್ದೂ ಇವೇ. ಅಂದರೆ ಒಂದು ಗುಣಾಕಾರಕ್ಕೆ 60 ರೂಪಾಯಿ, ಎರಡು ಭಾಗಾಕಾರಕ್ಕೆ 100 ರೂಪಾಯಿ. ಈ ರೇಟು ನನಗೆ ಸಿಕ್ಕಿದ್ದರೆ ನಾನು ಇಷ್ಟೊತ್ತಿಗೆ ವಿದ್ಯಾಗಿರಿಯಲ್ಲಿ ಎರಡು ಮನೆ ಕಟ್ಟಿಸುತ್ತಿದ್ದೆ.

ನಮ್ಮ ಅಂಗಡಿಯಲ್ಲಿ ಒಬ್ಬ ರೈತನಿಗೆ ಒಂದು ಚೀಲ ಜೋಳಕ್ಕೆ ಚೀಲದ ಲೆಕ್ಕದಲ್ಲಿ ಒಮ್ಮೆ, ಕಿಲೋ ಲೆಕ್ಕದಲ್ಲಿ ಇನ್ನೊಮ್ಮೆ ಹಮಾಲಿ ಹಿಡಿದರೆ ಆತ ಟವಲ್ ಕೊಡವಿ ಎದ್ದು ನಿಲ್ಲುತ್ತಾನೆ. ಲ್ಯಾಬಿನಲ್ಲಿ ಅದೇ ರೈತ ಕೈಕಟ್ಟಿ ನಿಂತು ಕೊಟ್ಟು ಬರುತ್ತಾನೆ. ಸಾಲುಗಳೆಲ್ಲ ಇಂಗ್ಲಿಷಿನಲ್ಲಿವೆ, ಒಂದೊಂದಕ್ಕೂ ಬೇರೆ ಬೇರೆ ಹೆಸರಿದೆ, ಬೇರೆ ಬೇರೆ ಪರೀಕ್ಷೆ ಇರಬೇಕು ಅಂದುಕೊಳ್ಳುತ್ತಾನೆ.

ಒಂದು ಮಾತು ಲ್ಯಾಬಿನವರ ಪರವಾಗಿ. ಹಿಮೋಗ್ಲೋಬಿನ್ ಒಂದನ್ನೇ ನೋಡಬೇಕಾದ ಸಂದರ್ಭಗಳಿವೆ. ಗುಳಿಗೆ ಕೊಟ್ಟು ತಿಂಗಳ ನಂತರ ಏರಿದೆಯಾ ಅಂತ ನೋಡಲು, ರಕ್ತದಾನಕ್ಕೆ ಮುಂಚೆ, ಬಸುರಿಯ ತಿಂಗಳ ತಪಾಸಣೆಗೆ. ಆಗ 80 ರೂಪಾಯಿಯ ಪರೀಕ್ಷೆ ಸಾಕು, 300ರ ಸಿಬಿಸಿ ಬೇಡ. ಯಾವುದಾದರೂ ಒಂದು ತೆಗೆದುಕೊಳ್ಳಿ, ಎರಡೂ ಬೇಡ, ಇಷ್ಟೇ ನನ್ನ ತಕರಾರು.

ರಿಪೋರ್ಟಿಗೆ ಬರೋಣ, ಇದರಲ್ಲೇ ದೊಡ್ಡ ಕಥೆ ಇರುವುದು. ಹಿಮೋಗ್ಲೋಬಿನ್ 8.1. ಬಸುರಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಗಂಡಸರಿಗೆ 13, ಬಸುರಿಯರಿಗೆ 11 (ನಡುವಿನ ಮೂರು ತಿಂಗಳು 10.5), ಇದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. 8ರ ಕೆಳಗೆ ಹೋದರೆ ತೀವ್ರ. ಅಕ್ಕ ಆ ಮೆಟ್ಟಿಲಿನ ತುದಿಯಲ್ಲಿ ನಿಂತಿದ್ದಳು. ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ, ನನಗೆ ಮಾತ್ರ ಡಾಕ್ಟರ್ ಹೇಳಿದ್ದು ತಲೆಯಲ್ಲಿ ಕೂತಿತು: 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಜಾಸ್ತಿ! ಹಾಗಾಗಿಯೇ ಇರಬೇಕು, ಸುಸ್ತು ಅನ್ನುವುದನ್ನು ನಮ್ಮ ಹೆಂಗಸರು ಕಾಯಿಲೆ ಅಂತ ಎಣಿಸುವುದೇ ಇಲ್ಲ.

ಎಂಸಿವಿ 68 ಅಂದರೆ ಕೆಂಪು ಕಣಗಳು ಸಣ್ಣಗಿವೆ, 80ರ ಮೇಲಿರಬೇಕು. ಸಣ್ಣ ಕಣ, ಕಡಿಮೆ ಬಣ್ಣ ಅಂದರೆ ಕಬ್ಬಿಣದ ಕೊರತೆ ಅಥವಾ ವಂಶದಿಂದ ಬರುವ ಥಲಸೇಮಿಯಾದ ಛಾಯೆ. ಡಾಕ್ಟರ್ ಫೋನಿನ ಕ್ಯಾಲ್ಕುಲೇಟರಿನಲ್ಲಿ 68ನ್ನು 3.82ರಿಂದ ಭಾಗಿಸಿದರು, 17.8 ಬಂತು. 13ಕ್ಕಿಂತ ಮೇಲಿದ್ದರೆ ಕಬ್ಬಿಣದ ಕಡೆ ವಾಲುತ್ತದೆ, ಕೆಳಗಿದ್ದರೆ ಥಲಸೇಮಿಯಾ ಕಡೆ ಅಂದರು. ಗಟ್ಟಿ ಮಾಡಿಕೊಳ್ಳಲು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಬರೆದರು, ಅದು 6 ಬಂತು. ಮೈಯೊಳಗಿನ ಕಬ್ಬಿಣದ ಉಗ್ರಾಣ ಖಾಲಿ. ನೋಡಿ, ಆ ಡಾಕ್ಟರ್ ಮಾಡಿದ ಭಾಗಾಕಾರಕ್ಕೆ ಬೇರೆ ಬಿಲ್ ಇರಲಿಲ್ಲ.

ಇನ್ನು ಎಚ್‌ಬಿಎ1ಸಿ. ಎರಡನೇ ಪುಟದಲ್ಲಿ 6.7 ಅಂತ ಇತ್ತು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "ಡಯಾಬಿಟಿಕ್". 5.7ರ ಕೆಳಗೆ ಇದ್ದರೆ ಸರಿ, 6.5ರಿಂದ ಮೇಲೆ ಸಕ್ಕರೆ ಕಾಯಿಲೆ, ಇದು ಎಲ್ಲ ರಿಪೋರ್ಟಿನಲ್ಲೂ ಅಚ್ಚು ಹಾಕಿರುತ್ತಾರೆ. ಡಾಕ್ಟರನ್ನು ನೋಡುವುದು ಎರಡು ದಿನ ಬಿಟ್ಟು. ಆ ಎರಡು ದಿನ ಮನೆಯಲ್ಲಿ ಯಾರೋ ಹೋದ ಹಾಗಿತ್ತು. ಅಕ್ಕ ಚಹಾಕ್ಕೆ ಸಕ್ಕರೆ ಬಿಟ್ಟಳು, ಶ್ರಾವಣದ ಹೋಳಿಗೆ ಮುಟ್ಟಲಿಲ್ಲ, ಭಾವ ಎಲ್ಲಿಂದಲೋ ಹಾಗಲಕಾಯಿ ತಂದು ರಸ ಹಿಂಡಿದರು. ಪಕ್ಕದ ಮನೆಯವರೊಬ್ಬರು ತಾವು ತಗೊಳ್ಳುವ ಶುಗರ್ ಗುಳಿಗೆಯನ್ನೇ ಕೊಡಲು ಬಂದರು. ಪುಣ್ಯಕ್ಕೆ ನನ್ನ ಹೆಂಡತಿ ತಡೆದಳು.

ಡಾಕ್ಟರ್ ಎರಡೂ ಪುಟಗಳನ್ನು ಬಿಡಿಸಿ ಪಕ್ಕಪಕ್ಕ ಇಟ್ಟರು. ಫಾಸ್ಟಿಂಗ್ ಶುಗರ್ 96, ಅದು ಸರಿಯಾಗೇ ಇದೆ. ಎಚ್‌ಬಿಎ1ಸಿ 6.7 ಅಂದರೆ ಸರಾಸರಿ ಸಕ್ಕರೆ ಸುಮಾರು 146 ಇರಬೇಕು. ಎರಡೂ ಹೊಂದುತ್ತಿಲ್ಲ. ಯಾಕೆ? ಎಚ್‌ಬಿಎ1ಸಿ ಅಳೆಯುವುದು ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಸಕ್ಕರೆ ಸ್ವಲ್ಪ ಸ್ವಲ್ಪವೇ ಅಂಟುತ್ತಾ ಹೋಗುತ್ತದೆ. ಅದಕ್ಕೇ ಇದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಊಟ ಮಾಡಿ ಹೋದರೂ ನಡೆಯುತ್ತದೆ. ಕಬ್ಬಿಣ ಕಡಿಮೆಯಾದಾಗ ಹೊಸ ಕಣ ಹುಟ್ಟುವುದು ನಿಧಾನ. ರಕ್ತದಲ್ಲಿ ಹಳೇ ಕಣಗಳೇ ಜಾಸ್ತಿ ಓಡಾಡುತ್ತವೆ, ಅವಕ್ಕೆ ಸಕ್ಕರೆಯೂ ಜಾಸ್ತಿ ಅಂಟಿರುತ್ತದೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೂ ನಂಬರ್ ಮೇಲೆ ಹೋಗಬಹುದು. ಇದಕ್ಕೆ ಉಲ್ಟಾ ಕೂಡ ಇದೆ. ಕಣಗಳು ಬೇಗ ಒಡೆದುಹೋಗುವ ಕಾಯಿಲೆ ಇದ್ದರೆ, ಇಲ್ಲವೇ ಇತ್ತೀಚೆಗೆ ಬಹಳ ರಕ್ತ ಹೋಗಿ ಹೊಸ ಕಣಗಳು ತುಂಬಿಕೊಂಡಿದ್ದರೆ, ನಿಜವಾದ ಸಕ್ಕರೆ ಕಾಯಿಲೆಯೂ ಕಡಿಮೆ ಕಾಣುತ್ತದೆ. "ಮೊದಲು ಕಬ್ಬಿಣ ತುಂಬೋಣ, ಆಮೇಲೆ ಶುಗರ್ ಮಾತು," ಅಂದರು.

ರಿಪೋರ್ಟಿಗೆ ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಇದಕ್ಕೇ. ನಂಬರುಗಳು ಸರಿಯಾಗಿದ್ದವು. ಆದರೆ ಅದೇ ಲ್ಯಾಬ್, ಅದೇ ನೇರಳೆ ಮುಚ್ಚಳದ ಟ್ಯೂಬ್. ಹೌದು, ಸಿಬಿಸಿಗೂ ಎಚ್‌ಬಿಎ1ಸಿಗೂ ಒಂದೇ ಟ್ಯೂಬ್ ಸಾಕು. ಒಂದು ಪುಟ 8.1 ಅನ್ನುತ್ತದೆ, ಇನ್ನೊಂದು ಪುಟ ಡಯಾಬಿಟಿಕ್ ಅಂತ ದಪ್ಪಕ್ಷರದಲ್ಲಿ ಕೂಗುತ್ತದೆ. "ಹಿಮೋಗ್ಲೋಬಿನ್ ಕಡಿಮೆ ಇದೆ, ಡಾಕ್ಟರನ್ನು ಕೇಳಿ ನೋಡಿ" ಅಂತ ಕೆಳಗೆ ಒಂದು ಸಾಲು ಹಾಕಿದ್ದರೆ ಭಾವನ ಹಾಗಲಕಾಯಿ ಉಳಿಯುತ್ತಿತ್ತು. ಬಿಲ್ ಮಾಡುವಾಗ ಒಂದೇ ನಂಬರನ್ನು ನಾಲ್ಕು ಕಡೆ ಕಂಡವರಿಗೆ ರಿಪೋರ್ಟ್ ಬರೆಯುವಾಗ ಒಂದು ಕಡೆಯೂ ಕಾಣಲಿಲ್ಲ.

ಚಿಕಿತ್ಸೆಯ ಕಥೆ ಉದ್ದ ಮಾಡುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಗಡ್ಡೆ ಕಂಡಿತು, ಆಪರೇಶನ್ ಬೇಕು, ಆದರೆ 8.1 ಇಟ್ಟುಕೊಂಡು ಮಾಡುವ ಹಾಗಿಲ್ಲ. ಭಾವ "ರಕ್ತ ಏರಿಸಬೇಕೇನ್ರಿ ಮೇಡಂ?" ಅಂತ ಕೇಳಿದರು. 7ರ ಕೆಳಗೆ ಇಳಿದಿದ್ದರೆ ಆ ಮಾತು, ಈಗ ಬೇಡ ಅಂದರು. ಸಲೈನಿನಲ್ಲಿ ಕಬ್ಬಿಣದ ಇಂಜೆಕ್ಷನ್ ಎರಡು ಸಲ, ಆಮೇಲೆ ಗುಳಿಗೆ. ಗುಳಿಗೆ ತಗೊಂಡ ಮೇಲೆ ಒಂದು ತಾಸು ಚಹಾ ಕುಡಿಯಬಾರದು, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಒಳ್ಳೆಯದು. ಮಗ್ಗದ ಮುಂದೆ ದಿನಕ್ಕೆ ಆರು ಸಲ ಚಹಾ ಕುಡಿಯುವ ಅಕ್ಕನಿಗೆ ಇದೇ ದೊಡ್ಡ ಶಿಕ್ಷೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ ಅಂತಲೂ ಹೇಳಿದ್ದರು, ಆದರೂ ಹೆದರಿದಳು.

ನಮ್ಮ ಅವ್ವನ ಕಾಲದಲ್ಲಿ ಈ ಪರೀಕ್ಷೆ ಹೇಗಿತ್ತು ಅಂತ ನೆನಪಾಯಿತು. ಊರ ದವಾಖಾನೆಯ ಕಂಪೌಂಡರ್ ಬೆರಳು ಚುಚ್ಚಿ, ಗಾಜಿನ ಕೊಳವೆಯಲ್ಲಿ ರಕ್ತ ಎಳೆದು, ಆಸಿಡ್ ಇರುವ ಟ್ಯೂಬಿಗೆ ಬಿಟ್ಟು, ಕಂದು ಬಣ್ಣ ಬಂದ ಮೇಲೆ ಹನಿ ಹನಿ ನೀರು ಹಾಕುತ್ತಾ, ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಸಾಹ್ಲಿ ವಿಧಾನ ಅಂತ ಅದರ ಹೆಸರು. ಮೋಡ ಇದ್ದ ದಿನ ಒಂದು, ಬಿಸಿಲಿನ ದಿನ ಇನ್ನೊಂದು ನಂಬರ್ ಬಂದರೂ ಕೇಳುವವರಿಲ್ಲ. ಈಗ ಸರ್ಕಾರದವರೂ ಬೆರಳಿನ ಹನಿ ರಕ್ತಕ್ಕೆ ಕೈಯಲ್ಲಿ ಹಿಡಿಯುವ ಡಿಜಿಟಲ್ ಮೆಷಿನ್ ತಂದಿದ್ದಾರೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತದಲ್ಲಿ ಶಾಲೆಯ ಹುಡುಗಿಯರಿಗೆ ವಾರಕ್ಕೊಂದು ನೀಲಿ ಗುಳಿಗೆ, ಬಸುರಿಯರಿಗೆ ದಿನಾ ಕೆಂಪು ಗುಳಿಗೆ. ನನ್ನ ಮಗಳು ನೀಲಿ ಗುಳಿಗೆಯನ್ನು ಬ್ಯಾಗಿನಲ್ಲಿ ಅಡಗಿಸಿಟ್ಟು ಸಿಕ್ಕಿಬಿದ್ದಿದ್ದಳು, ಅತ್ತೆಯನ್ನು ನೋಡಿದ ಮೇಲೆ ಸುಮ್ಮನೆ ನುಂಗುತ್ತಾಳೆ.

ದೀಪಾವಳಿ ಕಳೆದು ಆಪರೇಶನ್ ಆಯಿತು, ಆರಾಮಾಯಿತು. ಆಮೇಲೆ ಇನ್ಶೂರೆನ್ಸ್. ಅಕ್ಕನ ಮಗ ಬೆಂಗಳೂರಿನ ಕಂಪನಿಯಲ್ಲಿದ್ದಾನೆ, ಅಪ್ಪ ಅಮ್ಮನಿಗೂ ಪಾಲಿಸಿ ಇದೆ. ಅವನ ಕೆಲಸ ಮೆಡಿಕಲ್ ಕೋಡಿಂಗ್. ಅಕ್ಕ ಊರಲ್ಲಿ "ನಮ್ಮ ಹುಡುಗ ಕಂಪ್ಯೂಟರ್ ಕೋಡಿಂಗ್" ಅಂತ ಹೇಳಿಕೊಂಡು ಬಂದಿದ್ದಾಳೆ, ನಾನೂ ಹಾಗೇ ನಂಬಿದ್ದೆ. ನಿಜವಾಗಿ ಅವನು ದಿನವಿಡೀ ಅಮೆರಿಕದ ಆಸ್ಪತ್ರೆಗಳ ಫೈಲ್ ಓದಿ, ಯಾವ ರೋಗಕ್ಕೆ ಯಾವ ನಂಬರ್, ಯಾವ ಪರೀಕ್ಷೆಗೆ ಯಾವ ನಂಬರ್ ಅಂತ ಹಾಕುತ್ತಾನೆ. ಅದರ ಮೇಲೆ ಅಲ್ಲಿಯ ಇನ್ಶೂರೆನ್ಸಿನವರು ದುಡ್ಡು ಕೊಡುತ್ತಾರೆ.

ಆಪರೇಶನ್ ಮುಂಚಿನ ರಕ್ತ ಪರೀಕ್ಷೆಯೂ ಇದೇ ಲ್ಯಾಬಿನಲ್ಲಿ ಆಗಿತ್ತು. ಅದರಲ್ಲೂ ಹಿಮೋಗ್ಲೋಬಿನ್ 80, ಸಿಬಿಸಿ 300 ಎರಡೂ ಇದ್ದವು. ಕ್ಲೇಮ್ ಪಾಸಾಯಿತು, 80 ರೂಪಾಯಿ ಕತ್ತರಿಸಿದ್ದರು, ಕಾರಣದ ಜಾಗದಲ್ಲಿ ಒಂದೇ ಮಾತು, ಸಿಬಿಸಿಯಲ್ಲಿ ಸೇರಿದೆ. ಅಲ್ಲಿಂದ ನನ್ನ ತಲೆ ಓಡಲು ಶುರುವಾಯಿತು. ಬೀರುವಿನಲ್ಲಿದ್ದ ಶ್ರಾವಣದ ಬಿಲ್ ತೆಗೆದು ಫೋಟೋ ಹೊಡೆದು ಅಳಿಯನಿಗೆ ಕಳಿಸಿದೆ. ಅದಕ್ಕೆ ಕ್ಲೇಮ್ ಇಲ್ಲ, ಯಾಕೆಂದರೆ ಅವರ ಪಾಲಿಸಿಯಲ್ಲಿ ಆಸ್ಪತ್ರೆ ಸೇರುವ ಮುಂಚಿನ 30 ದಿನದ ಖರ್ಚು ಮಾತ್ರ, ಇದು ಮೂರು ತಿಂಗಳ ಹಿಂದಿನದು. ಹಿಮೋಗ್ಲೋಬಿನ್ ಏರಲಿ ಅಂತ ಕಾದದ್ದಕ್ಕೆ ಈ ದಂಡ. ಆದರೆ ಬಿಲ್ ನೋಡಿ ಅವನು ಫೋನ್ ಮಾಡಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

"ಮಾಮಾ, ಇದನ್ನ ನಾನು ಅಲ್ಲಿ ಹಾಕಿದ್ರ ನನ್ನ ಕೆಲಸ ಹೋಗ್ತದ," ಅಂದ. ಅಮೆರಿಕದಲ್ಲಿ ಹಿಮೋಗ್ಲೋಬಿನ್ನಿಗೆ 85018, ಪಿಸಿವಿಗೆ 85014, ಪೂರ್ತಿ ಸಿಬಿಸಿಗೆ 85025, ಎಚ್‌ಬಿಎ1ಸಿಗೆ 83036. 85025 ಹಾಕಿದ ಮೇಲೆ ಅದೇ ರಕ್ತಕ್ಕೆ 85018 ಹಾಕಿದರೆ ಚಿಕ್ಕದು ತಾನಾಗಿ ಬಿದ್ದುಹೋಗುತ್ತದೆ. ಅಲ್ಲಿ ವಯಸ್ಸಾದವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್ ಆದ ಮೆಡಿಕೇರ್‌ನವರು ಯಾವುದರ ಜೊತೆ ಯಾವುದು ಹಾಕಬಾರದು ಅಂತ 1996ರಿಂದಲೇ ಜೋಡಿ ಪಟ್ಟಿ ಇಟ್ಟಿದ್ದಾರೆ. ಒಂದೇ ದಿನ ನಿಜಕ್ಕೂ ಎರಡು ಸಲ ನೋಡಬೇಕಾದರೆ, ಅಂದರೆ ಬೆಳಿಗ್ಗೆ ನೋಡಿ, ರಕ್ತ ಹೋಗುತ್ತಿದೆ ಅಂತ ಸಂಜೆ ಮತ್ತೆ ನೋಡಿದರೆ, ನಂಬರಿನ ಹಿಂದೆ 91 ಅಂತ ಒಂದು ಬಾಲ ಹಚ್ಚಬೇಕು. ಆದರೆ ಸ್ಯಾಂಪಲ್ ಕೆಟ್ಟಿತು, ಮೆಷಿನ್ ಕೈಕೊಟ್ಟಿತು ಅಂತ ಮತ್ತೊಮ್ಮೆ ಮಾಡಿದ್ದಕ್ಕೆ ಆ ಬಾಲ ಹಚ್ಚುವಂತಿಲ್ಲ. ಕ್ಲಾಟ್ ಆದದ್ದಕ್ಕೆ ಅಕ್ಕ ಕೊಟ್ಟ 350 ನೆನಪಾಯಿತು.

ಇನ್ನೊಂದು ಮಾತು ಹೇಳಿದ, ನನಗೆ ಹಿಡಿಸಿತು. ಫೈಲಿನಲ್ಲಿ ಹಿಮೋಗ್ಲೋಬಿನ್ 8.1 ಅಂತ ಕಣ್ಣೆದುರು ಇದ್ದರೂ ಇವನು ರಕ್ತಹೀನತೆ ಅಂತ ನಂಬರ್ ಹಾಕುವಂತಿಲ್ಲ. ಡಾಕ್ಟರ್ ಬಾಯಿಬಿಟ್ಟು ಬರೆಯಬೇಕು. ಬರೀ "ರಕ್ತಹೀನತೆ" ಅಂದರೆ ಡಿ64.9, "ಬಹಳ ದಿನ ರಕ್ತ ಹೋಗಿ ಕಬ್ಬಿಣ ಕಡಿಮೆಯಾಗಿ ಬಂದ ರಕ್ತಹೀನತೆ" ಅಂತ ಬರೆದರೆ ಡಿ50.0. ಲ್ಯಾಬಿನ ನಂಬರ್ ನಂಬರ್ ಮಾತ್ರ, ರೋಗದ ಹೆಸರಿಡುವವರು ಡಾಕ್ಟರ್. ನಮ್ಮ ಲ್ಯಾಬ್ ದಪ್ಪಕ್ಷರದಲ್ಲಿ ಡಯಾಬಿಟಿಕ್ ಅಂತ ತಾನೇ ಹೆಸರಿಟ್ಟು ಕಳಿಸಿತ್ತಲ್ಲ!

ಲೆಕ್ಕ ಹಾಕಿದೆ. ಚೀಟಿಯಲ್ಲಿದ್ದ ಮೂರು ಪರೀಕ್ಷೆ ಮತ್ತು ಒಂದು ಕಲೆಕ್ಷನ್ ಸೇರಿ 910 ಆಗಬೇಕು. ಕೊಟ್ಟದ್ದು 1500. ಜಾಸ್ತಿ 590. ಆಪರೇಶನ್ ಮುಂಚಿನ 80 ಸೇರಿಸಿದರೆ 670. ಬಿಲ್, ರಿಪೋರ್ಟ್, ಡಾಕ್ಟರ್ ಚೀಟಿ, ಮೂರನ್ನೂ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ಶನಿವಾರ ಹೋದೆ. ಕೌಂಟರಿನ ಹುಡುಗಿ "ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ ಸರ್" ಅಂದಳು. ಸಿಸ್ಟಮ್ ಯಾರು, ಅವರನ್ನು ಕರೆಯಮ್ಮ ಅಂದೆ. ನಕ್ಕಳು, ಒಳಗೆ ಹೋಗಿ ಲ್ಯಾಬಿನ ಡಾಕ್ಟರನ್ನೇ ಕರೆತಂದಳು.

ಅವರು ಜಗಳ ಮಾಡಲಿಲ್ಲ, ಇದು ಹೇಳಲೇಬೇಕು. ಕೂರಿಸಿದರು, ಮೂರೂ ಕಾಗದ ನೋಡಿದರು, ನಾನು ಮಾಡಿದ ಗುಣಾಕಾರ ನೋಡಿ ಮುಗುಳ್ನಕ್ಕರು. ಬಿಲ್ಲಿನ ಸಾಫ್ಟ್‌ವೇರಿನಲ್ಲಿ ಯಾರೋ ಹಿಂದೆ ಒಂದು ಗುಂಪು ಮಾಡಿಟ್ಟಿದ್ದಾರೆ, ಸಿಬಿಸಿ ಒತ್ತಿದರೆ ಉಳಿದವೂ ಬೀಳುತ್ತವೆ ಅಂದರು. ಎಷ್ಟು ವರ್ಷದಿಂದ ಬೀಳುತ್ತಿವೆ ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ರಿಪೀಟ್ ಮಾಡಿದ 350 ತಮ್ಮದೇ ತಪ್ಪು ಅಂತ ಒಪ್ಪಿದರು. ಎಲ್ಲ ವಾಪಸ್ ಕೊಡಿ ಅಂತ ಹುಡುಗಿಗೆ ಹೇಳಿ ಒಳಗೆ ಹೋದರು.

ಹೊರಡುವಾಗ ದರಪಟ್ಟಿ ಎಲ್ಲಿದೆ ಅಂತ ಕೇಳಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ 2007ರ ಕಾಯ್ದೆ ಇದೆ, ಕೆಪಿಎಂಇ ಅನ್ನುತ್ತಾರೆ, ಲ್ಯಾಬ್‌ಗಳೂ ಅದರಲ್ಲಿ ಬರುತ್ತವೆ, ದರ ಜನರಿಗೆ ಕಾಣುವ ಹಾಗೆ ಹಾಕಬೇಕು. ಹುಡುಗಿ ಕ್ಯಾಲೆಂಡರ್ ಸರಿಸಿ ತೋರಿಸಿದಳು. ಅದರ ಹಿಂದೆ ಇತ್ತು! ಬಣ್ಣ ಮಾಸಿದ ಒಂದು ಹಾಳೆ. ಮಹಾಲಕ್ಷ್ಮಿಯ ಚಿತ್ರದ ಹಿಂದೆ ರೇಟು.

ಮೊನ್ನೆ ಹೋಳಿ ಮುಗಿದ ವಾರ ಮತ್ತೆ ಹೋಗಿದ್ದೆವು. ಬಾಗಲಕೋಟೆಯ ಹೋಳಿ ನಿಮಗೆ ಗೊತ್ತೇ ಇದೆ, ಲ್ಯಾಬಿನ ಮೆಟ್ಟಿಲ ಮೇಲೆಲ್ಲ ಇನ್ನೂ ಬಣ್ಣ, ರಕ್ತ ತೆಗೆಯುವ ಹುಡುಗನ ಕಿವಿಯಲ್ಲಿ ಗುಲಾಬಿ. ಹಿರಿಯ ಸಿಸ್ಟರೇ ಇದ್ದರು, ಒಂದೇ ಚುಚ್ಚು. ಹಿಮೋಗ್ಲೋಬಿನ್ 12.3. ಎಚ್‌ಬಿಎ1ಸಿ 5.8. ಪೂರ್ತಿ ನಿರಾಳ ಅಲ್ಲ, ಗಡಿಯ ಮೇಲೆ ಕೂತಿದೆ, ಆರು ತಿಂಗಳಿಗೊಮ್ಮೆ ನೋಡಿಸಿ ಅಂದಿದ್ದಾರೆ ಡಾಕ್ಟರ್. ಆದರೆ ಶ್ರಾವಣದಲ್ಲಿ ಪಕ್ಕದ ಮನೆಯವರ ಗುಳಿಗೆ ಶುರು ಮಾಡಿದ್ದರೆ ಏನಾಗುತ್ತಿತ್ತೋ. ಅಕ್ಕ ಚಹಾಕ್ಕೆ ಅರ್ಧ ಚಮಚ ಸಕ್ಕರೆ ಹಾಕಿಕೊಳ್ಳುತ್ತಾಳೆ ಈಗ, ಹಸಿ ಅಕ್ಕಿಯ ಕಡೆ ನೋಡುವುದಿಲ್ಲ.

ಬಿಲ್: ಸಿಬಿಸಿ 300, ಎಚ್‌ಬಿಎ1ಸಿ 500, ಕಲೆಕ್ಷನ್ 50. ಮೂರೇ ಸಾಲು. ನನ್ನ ಹಿಂದೆ ನಿಂತಿದ್ದ ಅಜ್ಜನ ಬಿಲ್ಲನ್ನೂ ಕತ್ತು ಹೊರಳಿಸಿ ಓದಿದೆ, ಅವರದ್ದರಲ್ಲೂ ಸಿಬಿಸಿ ಒಂದೇ ಇತ್ತು. ಕ್ಯಾಲೆಂಡರ್ ಮಾತ್ರ ಅಲ್ಲೇ ಇದೆ, ನಾಲ್ಕನೇ ಸ್ಟಾರ್ ಅದಕ್ಕೇ ಕೊಟ್ಟಿಲ್ಲ.

ಬೆಳಿಗ್ಗೆ ಏಳಕ್ಕೆ ತೆಗೆಯುತ್ತಾರೆ, ಭಾನುವಾರ ಮಧ್ಯಾಹ್ನಕ್ಕೆ ಮುಚ್ಚುತ್ತಾರೆ. ಡಾಕ್ಟರ್ ಚೀಟಿ ತಗೊಂಡು ಹೋಗಿ, ಬಿಲ್ ಆಗುವ ಮುಂಚೆ ಚೀಟಿಯಲ್ಲಿರುವ ಹೆಸರುಗಳನ್ನೇ ಓದಿ ಹೇಳಿ. ಚಿಲ್ಲರೆಯನ್ನೂ ತಗೊಂಡು ಹೋಗಿ. ನನ್ನ 670ರಲ್ಲಿ ಅವತ್ತು ಕೌಂಟರಿನಲ್ಲಿ 650 ಇತ್ತು, ಫೋನಿನಿಂದ ಕಳಿಸಮ್ಮ ಅಂದರೆ "ಈ ನಂಬರಿಗೆ ದುಡ್ಡು ಬರುತ್ತೆ ಸರ್, ಹೋಗಲ್ಲ" ಅಂದಳು. ಮೊನ್ನೆ ಕೇಳಿದಾಗಲೂ ಚಿಲ್ಲರೆ ಇರಲಿಲ್ಲ. ನನ್ನ ಖಾತೆ ಪುಸ್ತಕದಲ್ಲಿ ಬರಬೇಕಾದ್ದರ ಕಡೆ ಇಪ್ಪತ್ತು ರೂಪಾಯಿ ಹಾಗೇ ನಿಂತಿದೆ.